ನೀವುವ ಕೈ, ನಡೆಸುವ ಕೈ

ಗಾಂಧಿ ಬಜಾರಿನ ಹೂವಿನ ಸಾಲಿನಲ್ಲಿ ನಿಂತವರೆಲ್ಲ ಹೂ ಕಟ್ಟುವವರ ಬೆರಳು ನೋಡುತ್ತಾರೆ. ಎರಡು ಮಲ್ಲಿಗೆ ಈ ಕಡೆ, ಎರಡು ಆ ಕಡೆ, ನೂಲಿನದೊಂದು ಸುತ್ತು, ಒಂದು ಗಂಟು. ನೀವು ಚಿಲ್ಲರೆ ಹುಡುಕುವುದರೊಳಗೆ ಮಾರು ಹೂ ಮುಗಿದಿರುತ್ತದೆ. ನಾನು ಆ ಬೆಳಿಗ್ಗೆ ನೋಡುತ್ತಿದ್ದದ್ದು ಅವರ ಕತ್ತನ್ನು. ಗದ್ದ ಎದೆಗೆ ತಾಗುವಷ್ಟು ಬಗ್ಗಿರುತ್ತದೆ, ಎರಡೂ ಭುಜ ಕಿವಿಯ ಕಡೆಗೆ ಏರಿರುತ್ತವೆ, ಮೊಣಕೈಗೆ ಆಸರೆಯಿಲ್ಲ. ಗಿರಾಕಿ ಬಂದಾಗ ಮಾತ್ರ ತಲೆ ಮೇಲಕ್ಕೆ. ವರ್ಷಗಟ್ಟಲೆಯಿಂದ ಅಲ್ಲೇ ಕೂರುವ ಒಬ್ಬಾಕೆಯನ್ನು ಬೆರಳು ನೋಯುವುದಿಲ್ಲವೇ ಎಂದು ಕೇಳಿದೆ. "ಬೆರಳಿಗೇನಾಗತ್ತೆ ಸಾರ್, ಇಲ್ಲಿ ನೋಡಿ" ಎಂದು ಕತ್ತು ಭುಜ ಸೇರುವ ಜಾಗವನ್ನು ಎಡಗೈಯಲ್ಲಿ ಹಿಂಡಿಕೊಂಡರು. "ಕಲ್ಲು ಇಟ್ಟಂಗಿರತ್ತೆ. ರಾತ್ರಿ ಮಗಳು ಅಮೃತಾಂಜನ ಹಚ್ಚಿ ತಿಕ್ತಾಳೆ, ಹಾಯಾಗತ್ತೆ. ಬೆಳಿಗ್ಗೆ ಬಂದು ಕೂತ್ರೆ ಹತ್ತು ಗಂಟೆಗೆ ಮತ್ತೆ ಅದೇ."

ತಿಕ್ಕಿದರೆ ಹಾಯಿ, ಬೆಳಿಗ್ಗೆ ಮತ್ತೆ ಅದೇ. ದೀರ್ಘಕಾಲದ ಮೈಕೈ ನೋವಿನ ಕಥೆಯೆಲ್ಲ ಇಷ್ಟೇ. ಹಳೇ ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ನೋವಿಗೆ ಕೈ ಹಾಕುವವರಿಗೆ ಬರವಿಲ್ಲ. ಎಣ್ಣೆ ನೀವುವವರು, ಉಳುಕು ತೆಗೆಯುವವರು, ಕಟ್ಟು ಹಾಕುವವರು, ಪಂಚಕರ್ಮದವರು, ಫಿಸಿಯೋಥೆರಪಿಯವರು, ಯೋಗದ ಮೇಷ್ಟರು, ಎಲ್ಲರೂ ಒಂದೆರಡು ಮೈಲಿಯೊಳಗೆ ಸಿಗುತ್ತಾರೆ. ಒಬ್ಬೊಬ್ಬರನ್ನೇ ನೋಡುತ್ತ ಹೋದರೆ ಯಾರ ಕೈ ಆ ಹೊತ್ತಿಗೆ ಹಾಯೆನಿಸುತ್ತದೆ, ಯಾರ ಕೈ ಮಾರನೇ ದಿನದ 'ಮತ್ತೆ ಅದೇ'ಯನ್ನು ತಪ್ಪಿಸುತ್ತದೆ ಎನ್ನುವುದು ತಿಳಿಯುತ್ತ ಬರುತ್ತದೆ.

ತಲೆಯ ತೂಕ ಹೆಚ್ಚುಕಡಿಮೆ ಐದು ಕಿಲೋ. ನೆಟ್ಟಗೆ ಕೂತಾಗ ಅದರ ಬಹುಪಾಲು ಭಾರವನ್ನು ಬೆನ್ನುಮೂಳೆಯೇ ಹೊರುತ್ತದೆ. ಕತ್ತು ಬಗ್ಗಿದಷ್ಟೂ ಆ ಭಾರ ಹಿಂಬದಿಯ ಸ್ನಾಯುಗಳ ಪಾಲಿಗೆ ಬರುತ್ತದೆ. ಸ್ನಾಯು ಕೆಲಸಕ್ಕೆ ಅಂಜುವಂಥದ್ದಲ್ಲ. ಬಿಗಿದು, ಸಡಿಲಾಗಿ, ಮತ್ತೆ ಬಿಗಿಯುತ್ತಿದ್ದರೆ ಅದರೊಳಗೆ ರಕ್ತ ಹರಿದಾಡುತ್ತಿರುತ್ತದೆ. ಬಿಗಿದದ್ದು ಬಿಗಿದ ಹಾಗೇ ಗಂಟೆಗಟ್ಟಲೆ ಉಳಿದುಬಿಟ್ಟರೆ ರಕ್ತದ ಓಡಾಟ ತಗ್ಗಿ, ನೋವಿನ ನರಗಳನ್ನು ಕೆಣಕುವ ವಸ್ತುಗಳು ಅಲ್ಲೇ ಉಳಿಯುತ್ತವೆ. ನೋವಾಯಿತೆಂದು ದೇಹ ಆ ಭಾಗವನ್ನು ಕಾಯಲು ಇನ್ನಷ್ಟು ಬಿಗಿಯುತ್ತದೆ. ಮೂರು ತಿಂಗಳು ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ ನೋವೆಂದು ಕರೆಯುತ್ತಾರೆ. ಅಷ್ಟು ಹೊತ್ತಿಗೆ ಎಷ್ಟೋ ಜನರಲ್ಲಿ ನರವ್ಯವಸ್ಥೆಯೇ ಸೂಕ್ಷ್ಮವಾಗಿ, ಮೊದಲು ಲೆಕ್ಕಕ್ಕೇ ಬಾರದಿದ್ದ ಅಲುಗಾಟವೂ ನೋಯತೊಡಗುತ್ತದೆ.

ಹಾಗಾದರೆ ಮಗಳ ಕೈ ಮಾಡುವುದೇನು? 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೊಂದು ವಿವರಣೆ ಕೊಟ್ಟರು. ಸ್ಪರ್ಶದ, ಒತ್ತಡದ ಸುದ್ದಿಯನ್ನು ಹೊತ್ತು ಬರುವ ನರಗಳು ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ಅಡ್ಡಗಟ್ಟಿ ತಗ್ಗಿಸಬಲ್ಲವು. ಪೆಟ್ಟು ಬಿದ್ದ ಜಾಗವನ್ನು ನಾವು ಯೋಚಿಸದೆ ಉಜ್ಜಿಕೊಳ್ಳುವುದಕ್ಕೂ ಇದೇ ಕಾರಣ. ಅವರ ಸಿದ್ಧಾಂತದ ವಿವರಗಳು ಆಮೇಲೆ ಬದಲಾಗಿವೆ, ತಿರುಳು ನಿಂತಿದೆ. ಅಂದರೆ ರಾತ್ರಿ ಸಿಗುವ ಹಾಯಿ ಭ್ರಮೆಯಲ್ಲ. ಅದರ ಆಯುಸ್ಸು ಮಾತ್ರ ಕಡಿಮೆ.

ಡಿ.ವಿ.ಜಿ. ರಸ್ತೆ ದಾಟಿ ಎನ್.ಆರ್. ಕಾಲೊನಿ ಕಡೆಗೆ ನಡೆದರೆ ಫಿಸಿಯೋಥೆರಪಿ ಬೋರ್ಡುಗಳು ಕಾಣತೊಡಗುತ್ತವೆ. ಹೆಚ್ಚಿನವು ಮನೆಯ ಮುಂಭಾಗದಲ್ಲಿ, ಹಿಂದೆ ಕಾರು ನಿಲ್ಲಿಸುತ್ತಿದ್ದ ಜಾಗದಲ್ಲಿ, ಇಲ್ಲವೇ ಔಷಧದಂಗಡಿಯ ಮೇಲಿನ ಮಹಡಿಯಲ್ಲಿ ಇವೆ. ಅಂಥದೊಂದರಲ್ಲಿ ಪರದೆಯ ಈಚೆ ಕೂತು ನೋಡಲು ಅಲ್ಲಿನ ಫಿಸಿಯೋಥೆರಪಿಸ್ಟ್ ಒಪ್ಪಿದರು, ರೋಗಿಯೂ ಒಪ್ಪಿದರು. ನಲವತ್ತರ ಆಸುಪಾಸಿನ ಗಂಡಸು, ಕಂಪ್ಯೂಟರ್ ಕೆಲಸ, ವರ್ಷದಿಂದ ಬಲಗಡೆ ಕತ್ತುನೋವು, ಅದರ ಜೊತೆಗೆ ತಲೆನೋವು.

ಆಕೆ ಮೊದಲ ಹತ್ತು ನಿಮಿಷ ಏನನ್ನೂ ಒತ್ತಲಿಲ್ಲ. ಕತ್ತು ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಕೈ ಮೇಲೆತ್ತಿ, ನಿಧಾನ ಇಳಿಸಿ. ಹಿಂದೆ ನಿಂತು ಎರಡೂ ಭುಜದ ಹಲಗೆಗಳು ಒಂದೇ ಸಮ ಚಲಿಸುತ್ತವೆಯೇ ಎಂದು ನೋಡಿದರು. ಕೈಗೆ ಜೋಮು ಹಿಡಿಯುತ್ತದೆಯೇ, ಹಿಡಿತ ಸಡಿಲಾಗಿದೆಯೇ, ರಾತ್ರಿ ನೋವಿಗೆ ಎಚ್ಚರವಾಗುತ್ತದೆಯೇ ಎಂದು ಕೇಳಿದರು. ಆಮೇಲೆ ಬೆರಳು ಇಟ್ಟರು. ಭುಜದ ಮೇಲಂಚಿನ ದಪ್ಪ ಸ್ನಾಯುವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಕೊಂಚ ಕೊಂಚವೇ ಸರಿದು ಒಂದು ಕಡೆ ನಿಂತರು.

"ಇಲ್ಲಿ ಒತ್ತಿದ್ರೆ ಎಲ್ಲಿಗೆ ಹೋಗತ್ತೆ?"

"ಕಣ್ಣಿನ ಹಿಂದಕ್ಕೆ, ಮೇಡಂ. ಅದೇ ತಲೆನೋವು!"

ಆ ಮನುಷ್ಯನ ದನಿಯಲ್ಲಿದ್ದ ಬೆರಗು ಈಗಲೂ ನನ್ನ ಕಿವಿಯಲ್ಲಿದೆ. ವರ್ಷದಿಂದ ಕನ್ನಡಕ ಬದಲಾಯಿಸಿ, ಸೈನಸ್ ಪರೀಕ್ಷೆ ಮಾಡಿಸಿ ಸಿಗದಿದ್ದ ತಲೆನೋವು ಭುಜದ ಮೇಲೆ ಒಂದು ಬೆರಳಿನಗಲದ ಜಾಗದಲ್ಲಿತ್ತು. ಇಂಥ ಜಾಗಗಳಿಗೆ ಟ್ರಿಗರ್ ಪಾಯಿಂಟ್ ಎನ್ನುತ್ತಾರೆ. ಇವುಗಳ ನಕ್ಷೆ ಬರೆದವರಲ್ಲಿ ಮುಖ್ಯರು ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್. ಬೆನ್ನುನೋವಿನಿಂದ ಒದ್ದಾಡುತ್ತಿದ್ದ ಅಧ್ಯಕ್ಷ ಜಾನ್ ಕೆನಡಿಯವರ ಖಾಸಗಿ ವೈದ್ಯೆಯಾಗಿದ್ದವರು. ಡೇವಿಡ್ ಸೈಮನ್ಸ್ ಜೊತೆ ಅವರು ಬರೆದ ಕೈಪಿಡಿ 1983ರಲ್ಲಿ ಬಂತು. ಆ ಗಂಟಿನೊಳಗೆ ನಿಜವಾಗಿ ಏನಾಗಿರುತ್ತದೆ ಎನ್ನುವುದರ ಬಗ್ಗೆ ಇಂದಿಗೂ ವಾದವಿದೆ. ಒತ್ತಿದಲ್ಲಿ ಒಂದು ನೋವು, ದೂರದಲ್ಲಿ ಇನ್ನೊಂದು ನೋವು ಎನ್ನುವ ಅನುಭವ ಮಾತ್ರ ಈ ಕೆಲಸ ಮಾಡುವವರಿಗೆ ದಿನನಿತ್ಯದ್ದು.

ಆಕೆ ಒತ್ತಿ ಹಿಡಿದರು, ಬೆರಳಿನಡಿ ಸಡಿಲಾಗುವವರೆಗೆ. ತಿಕ್ಕಲಿಲ್ಲ, ಗುದ್ದಲಿಲ್ಲ. ಬಿಟ್ಟೊಡನೆ, ಆ ವ್ಯಕ್ತಿ ಕಣ್ಣು ಮುಚ್ಚಿ ಹಾಯಾಗಿ ಒರಗಬೇಕೆನ್ನುವಷ್ಟರಲ್ಲಿ, ಎಬ್ಬಿಸಿ ಕೂರಿಸಿದರು. ಗದ್ದವನ್ನು ಬಗ್ಗಿಸದೆ ನೇರ ಹಿಂದಕ್ಕೆ ಎಳೆದುಕೊಳ್ಳುವುದು, ಹಣೆಗೆ ಅಂಗೈ ಒತ್ತಿ ತಲೆ ಅಲುಗದಂತೆ ಎದುರು ಬಲ ಕೊಡುವುದು, ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಸಿಕ್ಕಿಸಿ ಮೊಣಕೈ ಹಿಂದಕ್ಕೆ ಎಳೆದು ಭುಜದ ಹಲಗೆಗಳನ್ನು ಹತ್ತಿರ ತರುವುದು. ಹತ್ತು ಸಲ, ಮತ್ತೆ ಹತ್ತು ಸಲ. "ನಾನು ಬಿಡಿಸಿದ್ದು ಸಂಜೆವರೆಗೆ ಇರತ್ತೆ ಸರ್. ಅಷ್ಟರೊಳಗೆ ನೀವು ಮಾಡಿದ್ದೇ ಉಳಿಯೋದು" ಎಂದರು. ಕೈ ನೋವನ್ನು ತಗ್ಗಿಸಿದ ಆ ಸ್ವಲ್ಪ ಹೊತ್ತಿನಲ್ಲೇ ಸ್ನಾಯುವಿಗೆ ಕೆಲಸ ಕೊಟ್ಟುಬಿಡಬೇಕು. ನಾನು ಕಂಡ ಒಳ್ಳೆಯ ಚಿಕಿತ್ಸಕರೆಲ್ಲರಲ್ಲೂ ಈ ಆತುರ ಇತ್ತು.

ಹೊರಡುವಾಗ ಆ ವ್ಯಕ್ತಿ ಕೇಳಿದ ಪ್ರಶ್ನೆ, "ಕರೆಂಟ್ ಇಡಲ್ವಾ ಮೇಡಂ?" ಫಿಸಿಯೋಥೆರಪಿ ಎಂದರೆ ನಮ್ಮ ಊರಿನಲ್ಲಿ ಬಹಳ ಜನಕ್ಕೆ ಕರೆಂಟ್ ಇಡುವುದು, ಟ್ರ್ಯಾಕ್ಷನ್ ಎಳೆಯುವುದು, ಅಲ್ಟ್ರಾಸೌಂಡ್ ಸವರುವುದು. ಮಲಗಿದ್ದರೆ ಸಾಕು, ಯಂತ್ರ ನೋಡಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ, ನೋವಿನ ಬಗ್ಗೆ ತಿಳಿವಳಿಕೆ, ಮನಸ್ಸಿನ ಚಿಕಿತ್ಸೆಯ ಕೆಲವು ಬಗೆಗಳು, ಮಾಲೀಷು, ಬೆನ್ನುಮೂಳೆಯ ಮೇಲೆ ಕೈಯಿಂದ ಮಾಡುವ ಚಿಕಿತ್ಸೆ ಇವುಗಳನ್ನು ಕೊಡಬಹುದೆಂದಿತು. ಟ್ರ್ಯಾಕ್ಷನ್, ಚಿಕಿತ್ಸಕ ಅಲ್ಟ್ರಾಸೌಂಡ್, ಕರೆಂಟಿನ ಟೆನ್ಸ್ ಯಂತ್ರ, ಸೊಂಟದ ಬೆಲ್ಟು ಇವುಗಳನ್ನು ಮಾಮೂಲಾಗಿ ಕೊಡಬೇಡಿ ಎಂದಿತು. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನಕ್ಕೆ ಸೊಂಟನೋವಿತ್ತು ಎನ್ನುವುದು ಅದೇ ಸಂಸ್ಥೆಯ ಲೆಕ್ಕ. ಇಷ್ಟು ದೊಡ್ಡ ನೋವಿಗೆ ಕೈ ಮತ್ತು ವ್ಯಾಯಾಮ ಎರಡೂ ಕೊಡಬಹುದಾದವುಗಳ ಪಟ್ಟಿಯಲ್ಲಿರುವಾಗ ಬೀದಿ ಬೀದಿಯಲ್ಲಿ ಯಂತ್ರಕ್ಕೆ ಸರದಿ ನಿಲ್ಲುವುದು ನನಗೆ ಸಂಕಟದ ವಿಷಯ. ತಪ್ಪು ರೋಗಿಗಳದ್ದಲ್ಲ. ಯಂತ್ರದ ಮುಂದೆ ಹತ್ತು ಜನರನ್ನು ಮಲಗಿಸಬಹುದು, ವ್ಯಾಯಾಮ ಕಲಿಸಲು ಒಬ್ಬೊಬ್ಬರ ಮುಂದೆಯೂ ಅರ್ಧ ಗಂಟೆ ನಿಲ್ಲಬೇಕು.

ಅಲ್ಲಿ ಕಾಯುತ್ತಿದ್ದವರಲ್ಲಿ ನಾಲ್ಕು ಜನರ ಮಡಿಲಲ್ಲಿ ಸ್ಕ್ಯಾನಿನ ದೊಡ್ಡ ಕವರುಗಳಿದ್ದವು. "ಡಿಸ್ಕ್ ಬಲ್ಜ್ ಅಂತೆ" ಎಂದು ಒಬ್ಬರು ಮೆಲುದನಿಯಲ್ಲಿ ಹೇಳಿದರು. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆ, ಬೆನ್ನುನೋವೇ ಇಲ್ಲದವರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ ನೋಡಿತ್ತು. ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 30 ಮಂದಿಗೆ ಡಿಸ್ಕ್ ಉಬ್ಬಿತ್ತು, ಎಂಬತ್ತರವರಲ್ಲಿ ನೂರಕ್ಕೆ 84 ಮಂದಿಗೆ. ಕೂದಲು ನರೆಯುವ ಹಾಗೆ ಬೆನ್ನೂ ಒಳಗೊಳಗೆ ಬದಲಾಗುತ್ತದೆ. ಕಾಲಿನ ಶಕ್ತಿ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಗೆ ಸ್ಪರ್ಶ ತಿಳಿಯದಿದ್ದರೆ, ನೋವಿನ ಜೊತೆ ಜ್ವರ ಬಂದರೆ ಅಥವಾ ಕಾರಣವಿಲ್ಲದೆ ತೂಕ ಇಳಿದರೆ, ವಯಸ್ಸಾದವರು ಬಿದ್ದ ಮೇಲೆ ನೋವು ಶುರುವಾದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಉಳಿದ ಬಹುಪಾಲು ಜನರಿಗೆ ಆ ಕವರು ಕೊಡುವುದು ಹೆದರಿಕೆಯನ್ನು. ಹೆದರಿದವರು ಬಗ್ಗುವುದು ಬಿಡುತ್ತಾರೆ, ಬಗ್ಗದ ಬೆನ್ನು ಬಿಗಿಯುತ್ತದೆ.

ಗವಿಪುರದ ಕಡೆಗೆ ಇಳಿದರೆ ಗವಿಗಂಗಾಧರೇಶ್ವರನ ಗುಡಿಗೆ ಹೋಗುವ ದಾರಿಯ ಸುತ್ತಮುತ್ತಲಲ್ಲೇ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಏಕನಾಥ ಭವನವಿದೆ. ಇದೇ ಸಂಸ್ಥೆಯ ಸಂಶೋಧಕರು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದೀರ್ಘಕಾಲದ ಸೊಂಟನೋವಿನ 80 ಜನರನ್ನು ಎರಡು ಗುಂಪು ಮಾಡಿ ಜಿಗಣಿ ಹತ್ತಿರದ ತಮ್ಮ ಪ್ರಶಾಂತಿ ಕುಟೀರದಲ್ಲಿ ಒಂದು ವಾರ ಇರಿಸಿಕೊಂಡರು. ಒಂದು ಗುಂಪಿಗೆ ಆಸನ, ಪ್ರಾಣಾಯಾಮ, ಧ್ಯಾನ, ಉಪನ್ಯಾಸ. ಇನ್ನೊಂದಕ್ಕೆ ಅಷ್ಟೇ ಹೊತ್ತು ಸಾಮಾನ್ಯ ದೈಹಿಕ ವ್ಯಾಯಾಮ ಮತ್ತು ತಿಳಿವಳಿಕೆ. ವಾರದ ಕೊನೆಗೆ ಯೋಗದ ಗುಂಪಿನವರ ನೋವು ತಂದ ಅಡಚಣೆ ಹೆಚ್ಚು ತಗ್ಗಿತ್ತು, ಬೆನ್ನು ಹೆಚ್ಚು ಬಾಗುತ್ತಿತ್ತು. ವಾರದ ಅಧ್ಯಯನ ವರ್ಷದ ಮಾತು ಹೇಳಲಾರದು. ಮನೆ, ಕಚೇರಿ, ಟ್ರಾಫಿಕ್ ಬಿಟ್ಟು ಏಳು ದಿನ ಮರದಡಿ ಇರುವ ಭಾಗ್ಯವೂ ಎಲ್ಲರಿಗಿಲ್ಲ. ಆದರೂ ನೋಯುವ ಬೆನ್ನನ್ನು ಮಲಗಿಸದೆ ಚಲಿಸುವಂತೆ ಮಾಡಿದ ಪ್ರಯೋಗ ನಮ್ಮ ನೆರೆಯಲ್ಲೇ ನಡೆಯಿತೆನ್ನುವುದು ದೊಡ್ಡದು.

ಯೋಗ ಮತ್ತು ಮುಟ್ಟುವ ಕೈ ಒಂದಾದದ್ದನ್ನು ನೋಡಬೇಕಾದರೆ ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿಯ ತರಗತಿಗೆ ಹೋಗಬೇಕು. ಅವರು 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಬೆಂಗಳೂರಿಗೆ ಬಂದು, ಹದಿಹರೆಯದಲ್ಲಿ ಮೈಸೂರಿಗೆ ಹೋಗಿ, ಭಾವ ತಿರುಮಲೈ ಕೃಷ್ಣಮಾಚಾರ್ಯರಿಂದ ಯೋಗ ಕಲಿತು, 1937ರಲ್ಲಿ ಪುಣೆ ಸೇರಿದರು. ಕ್ಷಯ, ಮಲೇರಿಯಾಗಳಿಂದ ಬಡಕಲಾಗಿದ್ದ ಹುಡುಗ ಅವರು. ಆ ಅನುಭವ ಅವರ ಪದ್ಧತಿಯೊಳಗೇ ಇದೆ. ಗೋಡೆಗೆ ಹಗ್ಗ, ಕಬ್ಬಿಣದ ಮಡಚುವ ಕುರ್ಚಿ, ಮರದ ಇಟ್ಟಿಗೆ, ಪಟ್ಟಿ, ದಿಂಬು, ಕಂಬಳಿ. ಕೈ ನೆಲ ಮುಟ್ಟದವನಿಗೆ ನೆಲವನ್ನೇ ಮೇಲೆ ತಂದುಕೊಡುವ ಏರ್ಪಾಡು. ಬಸವನಗುಡಿಯ ಅಂಥ ಒಂದು ತರಗತಿಯಲ್ಲಿ, ಹಗ್ಗ ಹಿಡಿದು ಮುಂದಕ್ಕೆ ಬಾಗಿದ್ದ ಅರವತ್ತು ದಾಟಿದ ಮಹಿಳೆಯ ಭುಜದ ಹಲಗೆಯ ಕೆಳತುದಿಯನ್ನು ಟೀಚರ್ ಎರಡು ಬೆರಳಿನಿಂದ ಮುಟ್ಟಿದರು, ಅಷ್ಟೇ. ಅಲ್ಲಿಯವರೆಗೆ ಕಿವಿ ಹತ್ತಿರವಿದ್ದ ಭುಜ ತಾನಾಗಿ ಕೆಳಗಿಳಿಯಿತು. ಯಾವ ಸ್ನಾಯುವನ್ನು ಬಿಡಬೇಕೆಂದು ಆಕೆಗೆ ಬಾಯಿಮಾತಿನಲ್ಲಿ ಹೇಳಿ ತಿಳಿಸಲು ಆಗುತ್ತಿರಲಿಲ್ಲ.

ಕೆ.ಆರ್. ರಸ್ತೆಗೆ ಬಂದರೆ ಒಂದು ಕಡೆ 1905ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಯನ ಸಮಾಜ, ಅದೇ ರಸ್ತೆಯಲ್ಲೇ ಕೆಂಪೇಗೌಡ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆ. ಸಂಗೀತಕ್ಕೂ ಸ್ನಾಯುನೋವಿಗೂ ನಂಟು ಗಾಢ. ಪಿಟೀಲಿನವರಿಗೆ ಭುಜ, ಮೃದಂಗದವರಿಗೆ ಮಣಿಕಟ್ಟು, ವೀಣೆಯವರಿಗೆ ಬೆನ್ನಿನ ಒಂದು ಪಕ್ಕ. ಎಲ್ಲರಿಗೂ ಗಂಟೆಗಟ್ಟಲೆ ಚಕ್ಕಳಮಕ್ಕಳ. ಅಯ್ಯಂಗಾರರನ್ನು ಜಗತ್ತಿಗೆ ಪರಿಚಯಿಸಿದವರೂ ಒಬ್ಬ ನೋಯುತ್ತಿದ್ದ ಪಿಟೀಲುಗಾರರೇ. ಯೆಹೂದಿ ಮೆನುಹಿನ್ 1952ರಲ್ಲಿ ಮುಂಬೈಯಲ್ಲಿ ಅವರನ್ನು ಕಂಡಾಗ ಮೈಯ ಬಿಗಿತ, ದಣಿವು, ನಿದ್ದೆಗೇಡಿನಿಂದ ಸೋತಿದ್ದರು. ಆಮೇಲೆ ತನ್ನ ಅತ್ಯುತ್ತಮ ಪಿಟೀಲು ಗುರು ಇವರೇ ಎಂದು ಕೆತ್ತಿಸಿದ ಕೈಗಡಿಯಾರವನ್ನು ಅಯ್ಯಂಗಾರರಿಗೆ ಕೊಟ್ಟರು. ಯೋಗದವರೊಬ್ಬರು ಪಿಟೀಲಿನ ಗುರುವಾದದ್ದು ಕಮಾನು ಹಿಡಿಯುವ ಭುಜವನ್ನು ಸಡಿಲಿಸಿದ್ದರಿಂದ. ನಮ್ಮ ಸಂಗೀತ ಶಾಲೆಗಳಲ್ಲಿ ಸ್ವರ, ತಾಳದ ಜೊತೆ ಭುಜ, ಬೆನ್ನುಗಳ ಪಾಠವೂ ಮೊದಲ ವರ್ಷದಿಂದಲೇ ಇರಬೇಕೆಂದು ನನಗನಿಸುತ್ತದೆ. ನೋವು ಬಂದ ಮೇಲೆ ಕಛೇರಿ ಬಿಟ್ಟವರ ಕಥೆಗಳನ್ನು ಸಾಕಷ್ಟು ಕೇಳಿದ್ದೇನೆ.

ಚಾಮರಾಜಪೇಟೆ ಬಸವನಗುಡಿ, ಮಲ್ಲೇಶ್ವರಗಳಿಗಿಂತ ತುಸು ಹಳೆಯದು. ಇದು 1892ರದ್ದು, ಅವೆರಡು ಪ್ಲೇಗ್ ಬಂದ 1898ರವು. ಇಲ್ಲಿ ನೋವಿನ ಅಂಗಡಿಗಳೂ ಹಳೆಯ ಬಗೆಯವು. ಗ್ರಂಧಿಗೆ ಅಂಗಡಿಯಲ್ಲಿ ಮಹಾನಾರಾಯಣ ತೈಲ, ಕ್ಷೀರಬಲ ತೈಲ, ಮುರಿವೆಣ್ಣ, ನೀಲಗಿರಿ ಎಣ್ಣೆ ಸಾಲಾಗಿವೆ. "ಲಕ್ಕಿ ಸೊಪ್ಪು ಹಸೀದು ಬೇಕಿದ್ರೆ ಮಾರ್ಕೆಟ್ಟಿಗೇ ಹೋಗ್ಬೇಕು" ಎಂದರು ಅಂಗಡಿಯವರು. ಹರಳೆಣ್ಣೆ ಸವರಿ, ಉಪ್ಪನ್ನೋ ಹುರಳಿಯನ್ನೋ ಹುರಿದು ಬಟ್ಟೆಯಲ್ಲಿ ಕಟ್ಟಿ ಕೊಡುವ ಶಾಖ ನಮ್ಮ ಅಜ್ಜಿಯರದ್ದು. ಬಿಸಿ ಸ್ನಾಯುವನ್ನು ಸಡಿಲಿಸುತ್ತದೆ, ರಕ್ತ ಹರಿಸುತ್ತದೆ, ಖರ್ಚಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಮಂಕಾದವರು ಮಾತ್ರ ಶಾಖ ತೆಗೆದುಕೊಳ್ಳುವಾಗ ಇನ್ನೊಬ್ಬರ ಕೈಯಲ್ಲಿ ಬಿಸಿ ನೋಡಿಸಬೇಕು. ಸುಟ್ಟದ್ದು ಅವರಿಗೆ ತಿಳಿಯುವುದಿಲ್ಲ.

'ಪುತ್ತೂರು ಕಟ್ಟು' ಎಂಬ ಬೋರ್ಡು ಬೆಂಗಳೂರಿನ ಯಾವ ಹಳೇ ಬಡಾವಣೆಯಲ್ಲೂ ತಪ್ಪುವುದಿಲ್ಲ. ಆಂಧ್ರದ ಪುತ್ತೂರಿನಿಂದ ಬಂದ ಹೆಸರು. ಸೊಪ್ಪಿನ ಲೇಪ, ಮೊಟ್ಟೆಯ ಬಿಳಿ, ಬಿದಿರಿನ ದಬ್ಬೆ, ಬಟ್ಟೆಯ ಪಟ್ಟಿ. ಉಳುಕಿದ ಕಾಲನ್ನು ಕೆಲವು ದಿನ ಅಲುಗದಂತೆ ಇಟ್ಟರೆ ನೋವು ತಗ್ಗುತ್ತದೆ, ಜನರ ನಂಬಿಕೆ ಸುಮ್ಮನೆ ಬಂದದ್ದಲ್ಲ. ಆದರೆ ಮುರಿದಿದೆಯೋ ಉಳುಕಿದೆಯೋ ಎಂದು ಕ್ಷಕಿರಣವಿಲ್ಲದೆ ಹೇಳುವುದು ಕಷ್ಟ. ಕಟ್ಟು ಬಿಗಿಯಾಗಿ ಬೆರಳು ಮರಗಟ್ಟಿದರೆ, ನೀಲಿಯಾದರೆ ಅದೇ ಕ್ಷಣ ಬಿಚ್ಚಬೇಕು. ಕಾಲನ್ನೇ ಕಳೆದುಕೊಳ್ಳುವ ಅಪಾಯ ಅಲ್ಲಿದೆ. ಹಾಗೆಯೇ ಕ್ಷೌರದಂಗಡಿಯಲ್ಲಿ ತಲೆ ಮಾಲೀಷಿನ ಕೊನೆಗೆ ಕತ್ತನ್ನು ಹಿಡಿದು ಲಟಕ್ಕನೆ ತಿರುಗಿಸುವುದು. ಕತ್ತಿನ ಮೂಳೆಗಳ ಒಳಗೆ ಮಿದುಳಿಗೆ ರಕ್ತ ಒಯ್ಯುವ ನಾಳಗಳಿವೆ, ಅವು ಹರಿದರೆ ಪಾರ್ಶ್ವವಾಯು ಹೊಡೆಯಬಹುದು. ಅಪರೂಪ, ನಿಜ. ತಲೆಗೆ ಎಣ್ಣೆ ತಟ್ಟಿಸಿಕೊಳ್ಳಿ, ಕತ್ತಿಗೆ ಕೈ ಹಾಕಿದಾಗ ಬೇಡ ಎನ್ನಿ.

ಕಲಾಸಿಪಾಳ್ಯ, ಮಾರ್ಕೆಟ್ಟಿನ ಅಂಚಿನಲ್ಲಿ ಮೂಟೆ ಹೊರುವ ಹಮಾಲಿಗಳನ್ನು ಮಾತಾಡಿಸಿದಾಗ ಈ ವಿಷಯದ ಇನ್ನೊಂದು ಮುಖ ಕಂಡಿತು. "ಡಾಕ್ಟ್ರು ರೆಸ್ಟ್ ತಗೋ ಅಂತಾರೆ, ಸಾರ್. ರೆಸ್ಟ್ ತಗೊಂಡ್ರೆ ಮನೇಲಿ ಯಾರು ಕೊಡ್ತಾರೆ?" ಇವರಿಗೆ ಸಿಗುವುದು ಸಂಜೆಯ ನೋವಿನ ಮಾತ್ರೆ, ಕೆಲವರಿಗೆ ಮದ್ಯ. ಹತ್ತಿರದಲ್ಲೇ 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಯಿದೆ, ಖರ್ಚೂ ಕಡಿಮೆ. ಆದರೆ ಹಗಲು ಹೋದರೆ ಆ ದಿನದ ಕೂಲಿ ಹೋಯಿತು. ಸ್ನಾಯುನೋವಿಗೆ ಮುಖ್ಯ ಮದ್ದು ಒಬ್ಬರು ಎದುರು ನಿಂತು ಕಲಿಸುವ ವ್ಯಾಯಾಮ ಎಂದಾದ ಮೇಲೆ, ಆ ಕಲಿಸುವವರು ಸಂಜೆ ಏಳರ ಹೊತ್ತಿಗೆ ಮಾರ್ಕೆಟ್ಟಿನ ಪಕ್ಕದಲ್ಲಿ ಸಿಗುವಂತಿರಬೇಕು. ಹೂ ಕಟ್ಟುವವರಿಗೆ, ಊದುಬತ್ತಿ ಹೊಸೆಯುವವರಿಗೆ, ಪುಸ್ತಕ ಬೈಂಡಿಂಗ್ ಮಾಡುವವರಿಗೆ ಇದೇ ಮಾತು. ನಗರದ ಬೆನ್ನುನೋವೆಂದರೆ ಕಂಪ್ಯೂಟರಿನವರದ್ದು ಮಾತ್ರ ಎಂದುಕೊಂಡಿರುವವರು ಒಂದು ಬೆಳಿಗ್ಗೆ ಇಲ್ಲಿ ನಿಲ್ಲಬೇಕು.

ಪೇಟೆಯೊಳಗಿನ ಗರಡಿಮನೆಗಳು ಇಂಥ ದುಡಿಯುವ ಮೈಗಳಿಗಾಗಿಯೇ ಇದ್ದವು. ಗಿಡ್ಡ ಬಾಗಿಲು, ಎಣ್ಣೆ, ಅರಿಶಿನ, ಕರ್ಪೂರ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಆನಿಸಿದ ಗದೆ, ಮೂಲೆಯಲ್ಲಿ ಆಂಜನೇಯ. ಕುಸ್ತಿಯಲ್ಲಿ ಉಳುಕಿದ್ದನ್ನು ಅಲ್ಲಿನ ಉಸ್ತಾದರೇ ನೀವಿ ಸರಿಮಾಡುತ್ತಿದ್ದರು, ಮೂಟೆ ಹೊರುವವರೂ ಅವರ ಬಳಿಗೇ ಬರುತ್ತಿದ್ದರು. ಈಗಲೂ ಉಳಿದಿರುವ ಒಂದು ಗರಡಿಯಲ್ಲಿ ಕಂಡದ್ದು: ಭುಜ ಹಿಡಿದಿದೆ ಎಂದು ಬಂದ ಹುಡುಗನ ತೋಳಿಗೆ ಎಣ್ಣೆ ಹಚ್ಚಿ, ಕೆಳಗಿನಿಂದ ಮೇಲಕ್ಕೆ ಉದ್ದುದ್ದ ನೀವಿದ ಹಿರಿಯರು, ಮುಗಿದ ಮೇಲೆ ಹಗುರವಾದೊಂದು ಗದೆ ಕೊಟ್ಟು ನಿಧಾನವಾಗಿ ತಿರುಗಿಸಲು ಹೇಳಿದರು. "ನೋವಾಗೋ ತನಕ ಬೇಡ, ನೋವಿನ ಹತ್ರದ ತನಕ. ನಾಳೆ ಇನ್ನೊಂದು ಸುತ್ತು ಜಾಸ್ತಿ." ಎನ್.ಆರ್. ಕಾಲೊನಿಯ ಫಿಸಿಯೋಥೆರಪಿಸ್ಟ್ ರಬ್ಬರ್ ಪಟ್ಟಿ ಕೊಟ್ಟು ಹೇಳಿದ್ದೂ ಇದನ್ನೇ. ಸಹಿಸುವಷ್ಟು ಭಾರ, ದಿನದಿನಕ್ಕೆ ತುಸು ಹೆಚ್ಚು.

ಜೆ.ಸಿ. ರಸ್ತೆಯಲ್ಲಿ ಹೋಗುವಾಗ ಕೆ.ವಿ. ಅಯ್ಯರ್ ನೆನಪಾಗದಿರುವುದಿಲ್ಲ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಲೇಖಕರೆಂದೇ ಕನ್ನಡ ಓದುಗರು ಬಲ್ಲ ಅವರು ಇದೇ ರಸ್ತೆಯಲ್ಲಿ ವ್ಯಾಯಾಮಶಾಲೆ ನಡೆಸಿದರು. ಕಬ್ಬಿಣದ ಭಾರ ಎತ್ತುವುದನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಸೂರಿನಡಿ ಕಲಿಸಿದರು, ಅಂಚೆಯ ಮೂಲಕವೂ ವ್ಯಾಯಾಮದ ಪಾಠ ಕಳಿಸಿದರು. ಮೈ ಪಳಗಿಸುವುದು ಪೈಲ್ವಾನರಿಗಷ್ಟೇ ಸೇರಿದ್ದಲ್ಲ, ಗುಮಾಸ್ತರಿಗೂ ಮೇಷ್ಟರಿಗೂ ಬೇಕು ಎಂದು ಈ ಊರಿನ ಮಧ್ಯಮವರ್ಗಕ್ಕೆ ಒಪ್ಪಿಸಿದವರಲ್ಲಿ ಅವರು ಮುಂಚೂಣಿಯವರು.

ಮಾರ್ಕೆಟ್ಟಿನಲ್ಲಿ ಮೆಟ್ರೊ ಹತ್ತಿದರೆ ಸಂಪಿಗೆ ರಸ್ತೆ ದೂರವಿಲ್ಲ. ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್ ಆಸ್ಪತ್ರೆ ಇದೆ, ಸ್ಯಾಂಕಿ ಕೆರೆಯ ಸುತ್ತ ಬೆಳಗಿನ ನಡಿಗೆಯವರಿದ್ದಾರೆ. ಇಲ್ಲಿಯ ವಿಶೇಷವೆಂದರೆ ಸ್ಕೂಟರಿನಲ್ಲಿ ಮನೆಮನೆಗೆ ಹೋಗುವ ಫಿಸಿಯೋಥೆರಪಿಸ್ಟುಗಳು. ಅಡ್ಡರಸ್ತೆಗಳ ಹಳೇ ಮನೆಗಳಲ್ಲಿ ಮಕ್ಕಳು ಹೊರದೇಶಕ್ಕೆ ಹೋಗಿ ವಯಸ್ಸಾದವರಷ್ಟೇ ಉಳಿದಿದ್ದಾರೆ. ಮಗ ಅಲ್ಲಿಂದ ದುಡ್ಡು ಕಳಿಸುತ್ತಾನೆ, ಇಲ್ಲಿ ವಾರಕ್ಕೆ ಮೂರು ದಿನ ಇವರು ಬರುತ್ತಾರೆ. ಇಪ್ಪತ್ತೆಂಟರ ಒಬ್ಬ ಹುಡುಗನ ಹಿಂದೆ ನಾನು ಅಂಥ ಒಂದು ಮನೆಗೆ ಹೋದೆ. ಎಂಬತ್ತು ದಾಟಿದ ಅಜ್ಜಿ, ಎರಡು ಮೊಣಕಾಲೂ ಸವೆದಿವೆ, ಸೊಂಟ ಹಿಡಿದಿದೆ. ನೋವಿಗೆ ಹೆದರಿ ಮಂಚ, ಕುರ್ಚಿ, ಬಚ್ಚಲಷ್ಟೇ ಓಡಾಟ. ತೊಡೆಯ ಸ್ನಾಯು ಬಡವಾದಷ್ಟೂ ಮೊಣಕಾಲಿಗೆ ಭಾರ ಹೆಚ್ಚುತ್ತದೆ.

ಮೊದಲ ವಾರಗಳಲ್ಲಿ ಹುಡುಗ ಹೆಚ್ಚು ಹೊತ್ತು ಕಾಲು ನೀವುತ್ತಿದ್ದನಂತೆ. ಮೊಣಕಾಲಿನ ಚಿಪ್ಪನ್ನು ಬೆರಳಿನಿಂದ ಅತ್ತಿತ್ತ ಸರಿಸುವುದು, ಮೀನಖಂಡ ಸಡಿಲಿಸುವುದು. ನಾನು ಹೋದ ದಿನ ಅವನ ಕೈಗೆ ಕೆಲಸವೇ ಕಡಿಮೆ. ಅಜ್ಜಿ ಕುರ್ಚಿಯಲ್ಲಿ ಕೂತು ಕಾಲು ನೀಡಿ ಹಿಡಿದರು, ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿದರು. ಆಮೇಲೆ ಕುರ್ಚಿಯಿಂದ ಏಳುವುದು, ಕೂರುವುದು. ನಾಲ್ಕನೇ ಸಲ ಏಳುವಾಗ ಹುಡುಗನ ಕಡೆ ಕೈ ಚಾಚಿದರು. ಅವನು ಕೈ ಕೊಡದೆ ಅರ್ಧ ಹೆಜ್ಜೆ ಹಿಂದೆ ಸರಿದು, ಬಿದ್ದರೆ ಹಿಡಿಯುವಷ್ಟು ಹತ್ತಿರದಲ್ಲಿ ನಿಂತ.

"ಅಯ್ಯೋ, ಕೈ ಕೊಡೋಕೇನೋ ನಿಂಗೆ?"

"ತೊಡೆಗೆ ಬಲ ಕೊಟ್ಟು ಏಳಿ ಅಜ್ಜಿ, ನಾನಿಲ್ಲೇ ಇದೀನಿ."

ಎದ್ದರು. ಎಂಟು ಸಲ ಎದ್ದು, ಒಂಬತ್ತನೆಯದಕ್ಕೆ ಸಾಕೆಂದರು. ಅವನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಹಿಂದಿನ ಪುಟದಲ್ಲಿ ಐದು ಎಂದಿತ್ತು. ಮುಂದಿನ ವಾರದಿಂದ ಮುಂಬಾಗಿಲ ಮೆಟ್ಟಿಲು ಶುರು ಮಾಡೋಣ, ಆಮೇಲೆ ನಾನು ವಾರಕ್ಕೆ ಒಂದೇ ದಿನ ಬಂದರೆ ಸಾಕು ಎಂದ.

"ಮೆಟ್ಟಿಲು ಇಳಿದು ಎಲ್ಲಿಗೆ ಹೋಗ್ಲಿ?"

"ಎಂಟನೇ ಕ್ರಾಸಿಗೆ. ಸೊಪ್ಪು ನೀವೇ ಆರಿಸಿ ತನ್ನಿ."

"ಅಷ್ಟು ದೂರ ಆಗಲ್ಲಪ್ಪಾ" ಎಂದ ಅಜ್ಜಿ, ಸ್ವಲ್ಪ ಹೊತ್ತು ಯೋಚಿಸಿ, ಕಾಡು ಮಲ್ಲೇಶ್ವರನ ಗುಡಿಗೆ ಎಷ್ಟು ಮೆಟ್ಟಿಲಿವೆ ಎಂದು ಅವನನ್ನೇ ಕೇಳಿದರು.